ತಿಪ್ಪಮ್ಮನಿಗೆ ತಲೆಬುರುಡೆ ಪ್ಲೇಟು

ಮೊಮ್ಮಗಳು ಹುಟ್ಟಿದಾಗಿನಿಂದ ನಾನು ಮುಖ ಗಂಟಿಕ್ಕಿಕೊಂಡು ಓಡಾಡುವುದನ್ನು ಕಲಿಯುತ್ತಿದ್ದೇನೆ. ಹೇಳಿದಷ್ಟು ಸುಲಭವಲ್ಲ ಇದು. ಬೀದಿಯಲ್ಲಿ ಯಾರಾದರೂ ಮಗು ಹೇಗಿದೆ ಎಂದರೆ, ಕಬ್ಬಿಗೆ ರೋಗ ಬಿದ್ದವನ ಹಾಗೆ ಮುಖ ಮಾಡಿ, "ಏನೋ ಒಂದು ಅದೆ ಬುಡು" ಅನ್ನಬೇಕು. ಅಂದು, ಮನೆ ತಿರುವು ದಾಟಿ, ಒಬ್ಬನೇ ನಿಂತು ನಗಬೇಕು. ಹೊಟ್ಟೆಯೊಳಗೆ ಅಷ್ಟೊಂದು ಸಂತೋಷ ಇಟ್ಟುಕೊಂಡು ಹೊರಗೆ ಬೀಗ ಹಾಕಿದರೆ ನನ್ನ ವಯಸ್ಸಿಗೆ ಎದೆ ನೋವು ಬಂದೀತು.

ಈ ಕಾನೂನು ನನ್ನ ಹೆಂಡತಿ ಪುಟ್ಟಮ್ಮನದು. ಅವಳಿಗೆ ಕಾರಣವಿದೆ. ಈ ಹೆಣ್ಣು ಕೂಸಿಗೆ ಮುಂಚೆ ಸೊಸೆ ಜಯಮ್ಮ ಎರಡು ಗಂಡು ಹೆತ್ತಳು. ಮದ್ದೂರಿನಲ್ಲಿ ಮೈಕ್ ಸೆಟ್ಟು ಬಾಡಿಗೆಗೆ ಕೊಡುವವನು ನಾನು. ಮೊದಲನೆಯದು ಹುಟ್ಟಿದಾಗ ಮನೆ ಮೇಲೆ ಹಾರನ್ ಸ್ಪೀಕರು ಕಟ್ಟಿ ರೈಲ್ವೆ ಗೇಟಿನವರೆಗೂ ಕೇಳುವ ಹಾಗೆ ಹಾಡು ಹಾಕಿಸಿದ್ದೆ. ಎರಡನೆಯದಕ್ಕೂ ಹಾಕಿದೆ, ಒಂದಿಷ್ಟು ಮೆಲ್ಲಗೆ. ಎರಡೂ ಒಂದು ವರ್ಷ ತುಂಬುವುದನ್ನು ಕಾಣಲಿಲ್ಲ. ಜ್ವರ ಬಂತು, ಹೋದವು. ಅಷ್ಟು ಚಿಕ್ಕ ಗುಂಡಿ ತೋಡುವುದಕ್ಕೆ ಹಾರೆಯೂ ಬೇಕಾಗುವುದಿಲ್ಲ.

ಹಾಗಾಗಿ ಮೂರನೆಯದು ಹುಟ್ಟಿದ ಕೂಡಲೆ ಹಿರಿಯರ ಶಾಸ್ತ್ರದಂತೆ ತಿಪ್ಪೆಯ ಮೇಲೆ ಹೊರಳಿಸಿ, ಯಾರೋ ಬಿಸಾಡಿದ್ದನ್ನು ಎತ್ತಿಕೊಂಡು ಬಂದವರ ಹಾಗೆ ಮೊರದಲ್ಲಿಟ್ಟು ಒಳಗೆ ತಂದು, ತಿಪ್ಪಮ್ಮ ಎಂದು ಹೆಸರಿಟ್ಟೆವು. ಇದು ನಮಗೆ ಬೇಡದ ಕೂಸು, ಇದರ ಮೇಲೆ ಯಾರ ಕಣ್ಣೂ ಬೀಳುವುದು ಬೇಡ ಎಂದು ವಿಧಿಗೆ ಹೇಳುವ ಲೆಕ್ಕ. ವೈದ್ಯನಾಥಪುರದ ದೇವರಿಗೆ ಮುಡಿ ಕೊಡುವವರೆಗೆ ಮನೆಯಲ್ಲಿ ಹೊಗಳಿಕೆ ಇಲ್ಲ, ಸಿಹಿ ಇಲ್ಲ, ಮಂಗಳವಾದ್ಯದ ಗ್ರಾಮಫೋನು ಪ್ಲೇಟು ಮುಟ್ಟುವ ಹಾಗಿಲ್ಲ. ಹಂಗೂ ನನ್ನ ಬಾಯಿ ಮೇಲೆ ನಂಬಿಕೆ ಸಾಲದೆ ಪುಟ್ಟಮ್ಮ ಹಾರನ್ನುಗಳನ್ನು ಅಟ್ಟಕ್ಕೆ ಏರಿಸಿಬಿಟ್ಟಳು.

ಆಗ ನೆನಪಾಯಿತು ಮಂಚದ ಕೆಳಗಿನ ಇಂಗ್ಲಿಷ್ ಪ್ಲೇಟುಗಳ ಪೆಟ್ಟಿಗೆ.

ನನಗೆ ಇಂಗ್ಲಿಷು ಬಾರದು. ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸುವುದನ್ನು ಮದುವೆ ಬೋರ್ಡು ಬರೆದೂ ಬರೆದೂ ಕಲಿತವನು. ಸ್ಟೇಷನ್ನಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಗಾರ್ಡು ಇದ್ದ, ಅವನ ಪ್ಲೇಟು ಹಾಕುವ ಮಿಷನ್ನು ಕೆಟ್ಟಾಗೆಲ್ಲ ನಾನೇ ಸರಿಮಾಡುತ್ತಿದ್ದೆ. ಕೆಲಸ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಾಗ ಅವನು ತನ್ನ ಮಗನ ಪ್ಲೇಟುಗಳ ಪೆಟ್ಟಿಗೆಯನ್ನು ನನ್ನ ಅಂಗಡಿಯಲ್ಲಿ ಇಳಿಸಿ ಹೋದ. ಇದಕ್ಕೆ ರಾಕ್ ಅನ್ನುತ್ತಾರೆ, ಇನ್ನೂ ಜೋರಾದರೆ ಮೆಟಲ್ ಅನ್ನುತ್ತಾರೆ ಎಂದು ಅವನೇ ಹೇಳಿದ್ದು. ಬಂಡೆ, ಕಬ್ಬಿಣ! ಕಲ್ಲುಕ್ವಾರಿಯನ್ನೂ ಕುಲುಮೆಯನ್ನೂ ಕಂಡವನಿಗೆ ಆ ಹೆಸರುಗಳಲ್ಲಿ ಅನುಮಾನ ಹುಟ್ಟುವುದಿಲ್ಲ.

ಹೆಸರು ಕೇಳಿದ್ದೆನೇ ಹೊರತು ಒಳಗಿನ ಸದ್ದು ಎಂಥದೆಂದು ಮೊದಲು ನನಗೆ ತಿಳಿದಿರಲಿಲ್ಲ. ರಟ್ಟಿನ ಮೇಲೆ ಡ್ರಮ್ಮುಗಳ ಚಿತ್ರ ಕಂಡು ಬ್ಯಾಂಡ್ ಸೆಟ್ಟಿನ ವಾದ್ಯ ಇರಬೇಕು ಎಂದುಕೊಂಡು, ಬೆಸಗರಹಳ್ಳಿಯ ಒಂದು ಮದುವೆಯಲ್ಲಿ ಗಂಡಿನ ದಿಬ್ಬಣ ಚಪ್ಪರಕ್ಕೆ ಬರುವ ಹೊತ್ತಿಗೆ ಸರಿಯಾಗಿ ಮುಳ್ಳು ಇಟ್ಟೆ. ಆಲೆಮನೆಯ ಎಂಜಿನ್ನಿಗೆ ಕಲ್ಲು ಸಿಕ್ಕಿಕೊಂಡಂತಹ ಸದ್ದು ಹೊರಟಿತು. ದಿಬ್ಬಣದ ಎತ್ತುಗಳು ಗಾಡಿಯನ್ನೇ ಹಿಂದಕ್ಕೆ ತಿರುಗಿಸಿದವು. ಹೆಣ್ಣಿನ ಅಜ್ಜ ಕೋಲೂರಿಕೊಂಡು ಬಂದು, "ಲೇ, ಕರೆಂಟು ಒಡೀತಾ ಅದೆ, ಆರ್ಸ್ಲಾ" ಎಂದು ಗದರಿದ. ಅಂದಿನಿಂದ ಪೆಟ್ಟಿಗೆ ಮಂಚದ ಕೆಳಗೆ ಸೇರಿತು.

ಅದನ್ನು ಮತ್ತೆ ಹೊರಗೆಳೆದದ್ದು ಮೊದಲನೇ ಕೂಸು ಹೋದ ಮೇಲೆ. ಅಂಗಡಿಯಲ್ಲಿ ಯಾವ ಕನ್ನಡ ಪ್ಲೇಟು ಹಾಕಿದರೂ ಅದರಲ್ಲೊಂದು ತೊಟ್ಟಿಲೋ, ಒಬ್ಬ ತಾಯಿಯೋ, ಕಂದ ಎನ್ನುವ ಮಾತೋ ಬಂದೇ ಬರುತ್ತಿತ್ತು. ನಮ್ಮ ಭಾಷೆಯಲ್ಲಿ ಅಷ್ಟೊಂದು ಹಾಡು ಮಕ್ಕಳ ಮೇಲಿದೆ ಎಂದು ಅಲ್ಲಿಯವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ. ಇಂಗ್ಲಿಷಿನವರು ಏನು ಅರಚುತ್ತಾರೋ ತಿಳಿಯದು. ತಿಳಿಯದ್ದರಿಂದಲೇ ನನ್ನ ಮೊಮ್ಮಗ ಅದರಲ್ಲಿ ಇರಲಿಲ್ಲ. ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂತು ಕೇಳುತ್ತಿದ್ದೆ. ನಾನು ಅಳಬೇಕಾದ್ದನ್ನೆಲ್ಲ ನನಗಿಂತ ದೊಡ್ಡ ಗಂಟಲಿನವನು ಅತ್ತು ಮುಗಿಸುತ್ತಿದ್ದ.

ಈಗ ತಿಪ್ಪಮ್ಮ ಬಂದ ಮೇಲೆ ಅದೇ ಪ್ಲೇಟುಗಳನ್ನು ಧೂಳು ಒರೆಸಿ ಮನೆಗೆ ತಂದೆ. ಪುಟ್ಟಮ್ಮನ ಕಾನೂನಿನಲ್ಲಿ ಇವಕ್ಕೆ ಅಡ್ಡಿ ಇರಲಿಲ್ಲ. ಇದನ್ನು ಕೇಳಿ ಈ ಮನೆಯಲ್ಲಿ ಸಂತೋಷವಿದೆ ಎಂದು ಯಾವ ದೆವ್ವವೂ ಹೇಳಲಾರದು. ಒಂದರ ರಟ್ಟಿನ ಮೇಲೆ ಒಣಮರದ ಕೆಳಗೆ ಉದ್ದಕೂದಲಿನ ನಾಲ್ವರು, ಮುಡಿಯ ಹರಕೆ ಹೊತ್ತು ಮರೆತುಬಿಟ್ಟವರ ಹಾಗೆ ನಿಂತಿದ್ದಾರೆ. ಇನ್ನೊಂದರಲ್ಲಿ ಡ್ರಮ್ಮಿನವನು ಒಬ್ಬನೇ ಬಡಿಯುತ್ತಲೇ ಇರುತ್ತಾನೆ, ಮಿಕ್ಕವರು ಕಾಫಿ ಕುಡಿದು ಬರಲಿ ಎಂದು. ಎಲ್ಲಕ್ಕಿಂತ ಘೋರವಾದದ್ದು ತಲೆಬುರುಡೆಯ ಚಿತ್ರವಿರುವ ಪ್ಲೇಟು. ಅದರಲ್ಲಿ ಗಿಟಾರು ಹೆಣ ಹೊತ್ತವರ ಹೆಜ್ಜೆಯ ಹಾಗೆ ನಿಧಾನಕ್ಕೆ ಬರುತ್ತದೆ. ಅಂಗಡಿಯ ಕತ್ತಲಲ್ಲಿ ಇದನ್ನು ಕೇಳಿ ಬೆವರಿದವನು ನಾನು. ಈಗ ಅದೇ ಪ್ಲೇಟು, ಅದೇ ಗೀರು, ತೊಡೆಯ ಮೇಲೆ ತಿಪ್ಪಮ್ಮ. ಕೇಳಿದರೆ ಅಜ್ಜಂದಿರು ಸಾಲಾಗಿ ನಡೆದು ಬಂದು ಕೂಸನ್ನು ನೋಡಿ ಹೋದ ಹಾಗಿದೆ. ಅವಳಿಗೂ ಅದೇ ಇಷ್ಟ. ಮುಳ್ಳು ಇಟ್ಟ ಕೂಡಲೆ ಕಾಲು ಆಡಿಸುತ್ತಾಳೆ.

ಎದುರು ಮನೆಯ ಸಣ್ಣತಾಯಮ್ಮನಿಗೆ ಮಾತ್ರ ಆಗುತ್ತಿರಲಿಲ್ಲ. ನನಗಿಂತ ಹಿರಿಯಳು, ನಾಲಿಗೆ ಇನ್ನೂ ಹಿರಿದು. ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು, ದರಿದ್ರದವನೇ, ಯಾರ ತಿಥಿ ಮಾಡುತ್ತಿದ್ದೀಯ ಎಂದು ಬೈಯುವುದು ಅವಳಿಗೆ ಮುಖ ತೊಳೆದಷ್ಟೇ ವಾಡಿಕೆಯಾಯಿತು. ನಾನೂ ಅವಳಿಗೆ ಉತ್ತರವಾಗಿ ಒಂದಿಷ್ಟು ಸದ್ದು ಏರಿಸುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ತಿಪ್ಪಮ್ಮನಿಗೆ ಜ್ವರ ಬಂತು.

ಅದೇ ಜ್ವರ. ಹೆಚ್ಚುಕಮ್ಮಿ ಅದೇ ವಯಸ್ಸು. ಜಯಮ್ಮ ಅಳಲಿಲ್ಲ, ಗೋಡೆ ನೋಡುತ್ತಾ ಕೂತಳು. ಮಗ ಗಾಡಿ ಕಟ್ಟಿಸಿದ, ಮಂಡ್ಯದ ಆಸ್ಪತ್ರೆಗೆ ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಹೋದ. ನಾನೂ ಪುಟ್ಟಮ್ಮನೂ ಮನೆಯಲ್ಲಿ ಉಳಿದೆವು. ಮಿಷನ್ನಿನ ಮೇಲೆ ತಲೆಬುರುಡೆ ಪ್ಲೇಟು ಹಾಗೇ ಇತ್ತು. ಅದನ್ನು ತೆಗೆದಿಡುವುದಕ್ಕೂ ಕೈ ಏಳಲಿಲ್ಲ. ನಗುವುದನ್ನು ಮುಚ್ಚಿಟ್ಟರೆ ಕೂಸು ಉಳಿಯುತ್ತದೆ ಎಂದು ನಂಬಿ ಅಷ್ಟು ದಿನ ನಗದೆ ಇದ್ದೆವಲ್ಲ, ಆ ನಗುವನ್ನಾದರೂ ನಕ್ಕಿರಬೇಕಾಗಿತ್ತು ಅನ್ನಿಸಿತು. ಪುಟ್ಟಮ್ಮನ ಮುಖ ನೋಡಿದರೆ ಅವಳೂ ಅದನ್ನೇ ಎಣಿಸುತ್ತಿದ್ದಳು.

ಮಾರನೆಯ ದಿನವೂ ಮನೆ ಸದ್ದಿಲ್ಲದೆ ಬೆಳಗಾಯಿತು. ಸಣ್ಣತಾಯಮ್ಮ ಬೀದಿ ದಾಟಿ ಬಂದು ನಮ್ಮ ಹೊಸಿಲ ಹೊರಗೇ ನಿಂತಳು. ಬೈಯಲಿಲ್ಲ. ಮಿಷನ್ನಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಯಾಕ್ಲಾ, ಸದ್ದೇ ಇಲ್ಲ?" ಅಂದಳು.

ನಾನು ಹೇಳಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಜಗಲಿಯ ಮೇಲೆ ಕೂತಳು, ಊಟಕ್ಕೂ ಏಳಲಿಲ್ಲ. ಆಮೇಲೆ ತಿಳಿಯಿತು, ಬೀದಿಯವರೆಲ್ಲ ಹಿಂದಿನ ದಿನದಿಂದ ಕಿವಿ ಇತ್ತಲೇ ಇಟ್ಟಿದ್ದರಂತೆ. ಆ ಅರಚಾಟ ಕೇಳಿದರೆ ಕೂಸು ನೆಟ್ಟಗಿದೆ ಎಂದು ಲೆಕ್ಕ. ನಾನು ಗಂಟಿಕ್ಕಿದ ಮುಖಕ್ಕೆ ಒಬ್ಬರೂ ಮೋಸ ಹೋಗಿರಲಿಲ್ಲ.

ಜ್ವರ ಇಳಿದ ಮೇಲೆ ಬೆಳಗಿನ ಬಸ್ಸಿಗೆ ಅವರು ಬಂದರು. ತಿಪ್ಪಮ್ಮ ಸೊರಗಿ ಹುಣಿಸೆಕಾಯಿ ಆಗಿದ್ದಳು. ಆದರೆ ಕಣ್ಣು ತೆರೆದಿತ್ತು, ಮೈ ತಣ್ಣಗಿತ್ತು. ಪುಟ್ಟಮ್ಮ ಕೂಸನ್ನು ಈಸಿಕೊಂಡು ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು, ಅಂಗಾಲು ಮುಟ್ಟಿದಳು. ನಾನು ಏನಾದರೂ ಹೇಳಿಬಿಟ್ಟೇನು ಎಂದು ತುಟಿ ಕಚ್ಚಿಕೊಂಡು ನಿಂತಿದ್ದೆ. ಅವಳು ನನ್ನ ಕಡೆ ತಿರುಗದೆ, ಗೋಡೆಗೆ ಹೇಳುವವಳ ಹಾಗೆ ಹೇಳಿದಳು:

"ಆ ಬುರುಡೆ ಪ್ಲೇಟು ಆಕಿ. ಕೂಸು ಕೇಳ್ಲಿ."

ಮುಳ್ಳು ಇಡುವ ಅವಸರದಲ್ಲಿ ಹಳೆಯ ಗೀರಿನ ಪಕ್ಕ ಹೊಸದೊಂದು ಬಿತ್ತು. ಗಿಟಾರು ಹೆಣ ಹೊತ್ತವರ ಹೆಜ್ಜೆ ಹಾಕುತ್ತಾ ಹೊರಟಿತು. ಪುಟ್ಟಮ್ಮನ ತೊಡೆಯ ಮೇಲೆ ಒಂದು ಸಣ್ಣ ಕಾಲು, ತಡವಾಗಿ, ಸೋಮಾರಿಯಾಗಿ, ಆಡಿತು.

ಎದುರು ಜಗಲಿಯಿಂದ ಆಗಲೇ ಸಣ್ಣತಾಯಮ್ಮನ ಗಂಟಲು ಬಂತು. "ಸುರುವಾಯ್ತಾ ನಿನ್ ದರಿದ್ರ! ನಿನ್ ಮಿಷನ್ನಿಗೆ ಬೆಂಕಿ ಬೀಳ!" ಅನ್ನುತ್ತಿದ್ದಳು. ಅನ್ನುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಷ್ಟು ಚೆನ್ನಾದ ಆಶೀರ್ವಾದವನ್ನು ನಾನು ಯಾವ ಪೂಜಾರಿಯ ಬಾಯಲ್ಲೂ ಕೇಳಿಲ್ಲ.

ಮುಡಿ ಕೊಡುವುದು ಇನ್ನೂ ದೂರವಿದೆ. ಅಲ್ಲಿಯವರೆಗೆ ಕಾನೂನು ಕಾನೂನೇ. ಮುಖವನ್ನು ಚೆನ್ನಾಗಿ ಗಂಟಿಕ್ಕಿಕೊಂಡು ಸದ್ದನ್ನು ಇನ್ನೊಂದು ಸುತ್ತು ಏರಿಸಿದೆ.