ಆಯಿಯ ತೆಲುಗು ಸ್ತೋತ್ರ

ಆಯಿಯ ನೆತ್ತಿಯ ನಡುವೆ ಅಂಗೈಯಗಲ ಜಾಗದಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಸುತ್ತ ದಟ್ಟ ನರೆಗೂದಲು, ನಡುವೆ ಉಜ್ಜಿದ ತಾಮ್ರದ ತಟ್ಟೆಯಂಥ ಬೋಳು. ಮದುವೆಯಾಗಿ ಬಂದಾಗಿನಿಂದ ಸಿಂಬಿ ಇಟ್ಟುಕೊಂಡು ಸಿಮೆಂಟಿನ ಬುಟ್ಟಿ ಹೊತ್ತ ತಲೆ ಅದು. ಹೈದರಾಬಾದಿನ ಮಾದಾಪುರದಲ್ಲಿ ಈಗ ಗಾಜು ಹೊದ್ದು ನಿಂತಿರುವ ಕಟ್ಟಡಗಳಿಗೆ ಆ ನೆತ್ತಿಯ ಮೇಲಿಂದ ಎಷ್ಟು ಕಾಂಕ್ರೀಟು ಹೋಗಿದೆಯೋ ಯಾರು ಬಲ್ಲರು! ಪ್ರಾರ್ಥನೆಗೆ ಕೂತಾಗ ಮಾತ್ರ ಆಕೆ ಸೆರಗನ್ನು ಹಣೆಯವರೆಗೂ ಎಳೆದುಕೊಳ್ಳುತ್ತಿದ್ದಳು. "ದೇವರು ಮ್ಯಾಲಿಂದ ನೋಡ್ತಾನವ್ವ, ಅವಗ ಮೊದಲು ನನ್ನ ಬೋಳನ ಕಾಣತೈತಿ," ಎಂದು ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

ಲಿಂಗಸುಗೂರು ಕಡೆಯ ಹೆಂಗಸು. ಗಂಡನ ಜೊತೆ ಕೂಲಿಗೆಂದು ಹೈದರಾಬಾದಿಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ನನ್ನವರಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ನಾವು ಗದಗಿನಿಂದ ಸಿಕಂದರಾಬಾದಿಗೆ ಬಂದಾಗ ಆಯಿಗೆ ಬುಟ್ಟಿ ಹೊರುವ ಶಕ್ತಿ ಮುಗಿದಿತ್ತು. ನಮ್ಮ ಗಲ್ಲಿಯ ಕೊನೆಯ ತಗಡಿನ ಕೋಣೆಯಲ್ಲಿ ಜೋಳದ ರೊಟ್ಟಿ ತಟ್ಟಿ ಮಾರುತ್ತಿದ್ದಳು. ಭಾನುವಾರ ಮಧ್ಯಾಹ್ನ ನಮ್ಮ ಕನ್ನಡ ಕ್ರೈಸ್ತ ಸಭೆ ಸೇರುತ್ತಿತ್ತು. ನಮಗೆ ಸ್ವಂತ ಗುಡಿಯಿಲ್ಲ. ತೆಲುಗಿನವರ ಆರಾಧನೆ ಮುಗಿದು ಅವರು ಎದ್ದು ಹೋದ ಮೇಲೆ, ಇನ್ನೂ ಬೆಚ್ಚಗಿರುವ ಅದೇ ಬೆಂಚುಗಳ ಮೇಲೆ ನಾವು ಕೂರುತ್ತಿದ್ದೆವು. ಮೊದಲ ಭಾನುವಾರ ನನ್ನ ಪಕ್ಕ ಬಂದು ಕೂತವಳೇ ಆಯಿ.

ನಾನು ಹುಟ್ಟಿನಿಂದ ಕ್ರೈಸ್ತಳೇ. ಆದರೆ ಪ್ರಾರ್ಥನೆಯೆಂದರೆ ನನ್ನ ಮಟ್ಟಿಗೆ ದೇವರ ಕಚೇರಿಗೆ ಅರ್ಜಿ ಗುಜರಾಯಿಸುವುದು. ಗಂಡನಿಗೆ ಬಡ್ತಿ ಕೊಡು, ಅತ್ತೆಗೆ ಒಳ್ಳೆಯ ಬುದ್ಧಿ ಕೊಡು, ನಳದಲ್ಲಿ ನೀರು ಕೊಡು. ಆಯಿಯ ರೀತಿಯೇ ಬೇರೆ. ಯಾರಿಗಾಗಿ ಬೇಡಬೇಕೋ ಅವರಲ್ಲಿ ಮೆಚ್ಚುವಂಥದ್ದು ಒಂದಾದರೂ ಸಿಕ್ಕಿ, ಅದಕ್ಕೆ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳುವವರೆಗೆ ಆಕೆ ಏನೂ ಬೇಡುತ್ತಿರಲಿಲ್ಲ. "ಮೊದಲು ಸ್ತೋತ್ರ, ಆಮ್ಯಾಲೆ ಬೇಡೋದು. ಕುಂಬಾರನ ಮನಿಗೆ ಹೋಗಿ, ಅವ ಮಾಡಿದ ಗಡಿಗಿ ಬೈದು, ಇನ್ನೊಂದು ಗಡಿಗಿ ಕೊಡೋ ಅಂತ ಕೇಳ್ತಾರೇನವ್ವ?" ಎನ್ನುತ್ತಿದ್ದಳು.

ಈ ಸ್ತೋತ್ರಗಳನ್ನು ಆಕೆ ರೊಟ್ಟಿ ತಟ್ಟುತ್ತಲೇ ಮಾಡುತ್ತಿದ್ದಳು. ಒಂದು ರೊಟ್ಟಿಗೆ ಸಭೆಯ ಒಬ್ಬರು. ನಮ್ಮ ಪಾಸ್ಟರ ಪ್ರಸಂಗ ಒಮ್ಮೆ ಶುರುವಾದರೆ ಮುಗಿಯುವ ಮಾತೇ ಇಲ್ಲ. ಅವರ ಪಾಲಿನ ರೊಟ್ಟಿಗೆ, "ವಾರೆಲ್ಲ ಬಿಸಲಾಗ ದುಡದು ಬರೋ ಕೂಲಿ ಮಂದಿಗೆ ಫ್ಯಾನಿನ ಕೆಳಗ ಒಂದೀಟು ನಿದ್ದಿ ಕೊಡಸ್ತಾರ ತಂದಿ, ಸ್ತೋತ್ರ," ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಚೇಷ್ಟೆಯಲ್ಲ, ಕಣ್ಣು ಮುಚ್ಚಿ ನಿಜವಾಗಿಯೇ ಹೇಳುತ್ತಿದ್ದಳು. ಕೆಲವು ದಿನ ರೊಟ್ಟಿ ಕರಕಾಗಿರುತ್ತಿತ್ತು.

"ಇದ್ಯಾಕ ಆಯಿ, ಇವತ್ತು ಹಿಂಗ ಹೊತ್ತೈತಿ?"

"ಮೂಲಿಮನಿ ಮುದುಕನ ಪಾಳಿ ಇತ್ತವ್ವ. ಏನಾರ ಒಂದು ಚಲೋ ಗುಣ ಸಿಗತೈತೇನಂತ ಹುಡುಕಾಕತ್ತಿದ್ದೆ. ಹುಡುಕೋದ್ರಾಗ ರೊಟ್ಟಿ ಹೊತ್ತಿತು."

"ಸಿಕ್ಕಿತೋ ಇಲ್ಲೋ?"

"ಸಿಕ್ಕಿತು. ನಾಯಿಗೆ ಹಾಕಿ ಉಣ್ಣತಾನ."

ನನ್ನ ಪಾಲಿಗೆ ಏನು ಹೇಳುತ್ತೀ ಎಂದು ಒಮ್ಮೆ ಕೇಳಿಬಿಟ್ಟೆ. ಕೇಳಬಾರದಿತ್ತು. "ಈಕಿ ಬಾಯಿ ಅಂದ್ರ ಬ್ಯಾಡಗಿ ಮೆಣಸಿನಕಾಯಿ ತಂದಿ, ಆದ್ರ ಮುಂದೊಂದು ಹಿಂದೊಂದು ಮಾತಾಡೂದಿಲ್ಲ, ಸ್ತೋತ್ರ," ಎಂದು ಮುಖದ ಮೇಲೇ ಹೇಳಿದಳು. ಸಿಟ್ಟು ಬಂತು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಅನ್ನ ಉಣ್ಣುತ್ತಿದ್ದವರು ನೆತ್ತಿಗೇರುವಷ್ಟು ನಕ್ಕರು.

ನಾವಿದ್ದ ಬಾಡಿಗೆ ಮನೆ ಮೇಲಿನ ಮಹಡಿಯದು. ಕೆಳಗೆ ಮನೆಯೊಡತಿ ಟೀಚರಮ್ಮ. ತೆಲುಗಿನವರು, ಬೆಳಗಿನ ತೆಲುಗು ಸಭೆಯವರು, ಗಂಡನನ್ನು ಬೇಗ ಕಳೆದುಕೊಂಡವರು. ಮಾದಾಪುರದ ಐಟಿ ಆಫೀಸಿನಲ್ಲಿ ಕೆಲಸಕ್ಕಿದ್ದ ಒಬ್ಬನೇ ಮಗ. ಅವನಿಗೆ ಆಯಿಯ ರೊಟ್ಟಿಯೆಂದರೆ ಪ್ರಾಣ. ಬೈಕ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ, "ಆಯೀ, ರೊಟ್ಟೇ!" ಎಂದು ಗಲ್ಲಿಯ ಕೊನೆಯಿಂದಲೇ ಕೂಗುತ್ತಿದ್ದ. ಕೆಲಸದ ಒತ್ತಡಕ್ಕೆ ಭಾನುವಾರದ ಆರಾಧನೆಗೆ ಹೋಗುವುದನ್ನು ಬಿಟ್ಟಿದ್ದ. ಅದೊಂದು ಕೊರಗು ತಾಯಿಗೆ ಇತ್ತು.

ಒಂದು ದಿನ ಬೆಳಿಗ್ಗೆ ಆಫೀಸಿಗೆ ಹೊರಟ ಹುಡುಗನ ಬೈಕಿಗೆ ಲಾರಿ ತಾಗಿತು. ತಲೆಗೆ ಪೆಟ್ಟು. ಸುದ್ದಿ ಕೇಳಿ ನಾನೂ ಆಯಿಯೂ ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಐಸಿಯುವಿನ ಹೊರಗೆ ಟೀಚರಮ್ಮ ಗೋಡೆಗೆ ಒರಗಿ ಕೂತಿದ್ದರು. ಸುತ್ತ ಅವರ ಸಭೆಯ ನಾಲ್ಕಾರು ಜನ. ಅವರಲ್ಲೊಬ್ಬ ಹಿರಿಯ, ಪುಣ್ಯಾತ್ಮ, ಬಂದ ಕೆಲಸ ಬಿಟ್ಟು ಉಪದೇಶಕ್ಕೆ ಇಳಿದಿದ್ದ. ಹುಡುಗ ಆರಾಧನೆ ಬಿಟ್ಟ, ದೇವರು ಎಚ್ಚರಿಸಲು ಹೊಡೆದಿದ್ದಾನೆ ಎಂದು ತೆಲುಗಿನಲ್ಲಿ ಕೊರೆಯುತ್ತಿದ್ದ. ಟೀಚರಮ್ಮ ತುಟಿ ಕಚ್ಚಿ ಕೇಳಿಸಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆಯಿ ಯಾರನ್ನೂ ನೋಡಲಿಲ್ಲ. ಸೀದಾ ಹೋಗಿ ಟೀಚರಮ್ಮನ ಮುಂದೆ ನೆಲದ ಮೇಲೆ ಕೂತು ಅವರ ಎರಡೂ ಕೈ ಹಿಡಿದಳು. ಆಯಿಯ ಪ್ರಾರ್ಥನೆ ಎಂದಿಗೂ ಕನ್ನಡದಲ್ಲೇ. ಬಜಾರಿನಲ್ಲಿ ಹರಕುಮುರುಕು ಹಿಂದಿಯಲ್ಲಿ ಕೆಲಸ ನಡೆಯುತ್ತಿತ್ತು. ತೆಲುಗು ಕಿವಿಗೆ ಬೀಳುತ್ತಿತ್ತೇ ಹೊರತು ನಾಲಗೆಗೆ ಬರುತ್ತಿರಲಿಲ್ಲ. ಆದರೆ ಅವತ್ತು, ಆ ತಾಯಿಗೆ ಒಂದೊಂದು ಮಾತೂ ತಿಳಿಯಬೇಕೆಂಬ ಆಸೆಯಿಂದ, ತೆಲುಗಿನಲ್ಲಿ ಪ್ರಾರ್ಥಿಸಲು ಹೊರಟಳು. ಕನ್ನಡದ ಮಾತಿಗೆ ತೆಲುಗಿನ ಬಾಲ ಕಟ್ಟಿದರೆ ತೆಲುಗಾಯಿತು ಎಂಬುದು ಆಕೆಯ ಲೆಕ್ಕ. ತನ್ನ ಪದ್ಧತಿಯಂತೆ ಮೊದಲು ಸ್ತೋತ್ರ.

"ತಂಡ್ರೀ, ಈ ಅಮ್ಮಕಿ ಬಂಗಾರಂ ಲಾಂಟಿ ಕೊಡುಕುನಿ ಕೊಟ್ಟಾವು. ಸ್ತೋತ್ರಂ!"

ಈ ತಾಯಿಗೆ ಬಂಗಾರದಂಥ ಮಗನನ್ನು ಕೊಟ್ಟೆ, ನಿನಗೆ ಸ್ತೋತ್ರ. ಆಕೆಯ ಮನಸ್ಸಿನಲ್ಲಿದ್ದದ್ದು ಇಷ್ಟೇ. ಆದರೆ ತೆಲುಗಿನಲ್ಲಿ ಕೊಡುವುದಕ್ಕೆ 'ಇಚ್ಚು' ಎನ್ನುತ್ತಾರೆ. 'ಕೊಟ್ಟು' ಎಂದರೆ ಹೊಡೆಯುವುದು. ಬಂಗಾರದಂಥ ಮಗನನ್ನು ಹೊಡೆದೆ, ದೇವರೇ, ನಿನಗೆ ಸ್ತೋತ್ರ! ಅದೂ ಮತ್ತೆ ಮತ್ತೆ, ಕಣ್ಣು ಮುಚ್ಚಿ, ದನಿಯೇರಿಸಿ. "ಕೊಟ್ಟಾವು, ಸ್ತೋತ್ರಂ! ಕೊಟ್ಟಾವು, ಸ್ತೋತ್ರಂ!"

ನಾನು ಆಯಿಯ ಭುಜ ಹಿಡಿಯುವಷ್ಟರಲ್ಲಿ ಟೀಚರಮ್ಮ ಕೈ ಕೊಡವಿಕೊಂಡು ಎದ್ದುಬಿಟ್ಟರು. "ಏಮಿಟೀ? ನಾ ಕೊಡುಕುನಿ ದೇವುಡು ಕೊಟ್ಟಾಡಾ? ದಾನಿಕಿ ಸ್ತೋತ್ರಮಾ? ಮೀರೂ ಅದೇ ಮಾಟಾ?" ನನ್ನ ಮಗನನ್ನು ದೇವರು ಹೊಡೆದನೇ, ಅದಕ್ಕೆ ಸ್ತೋತ್ರವೇ, ನಿಮ್ಮದೂ ಅದೇ ಮಾತೇ ಎಂದು ಕೂಗಿದರು. ಆಮೇಲೆ ಬಾಗಿಲ ಕಡೆ ಕೈ ತೋರಿಸಿ, "ವೆಳ್ಳಿಪೋಂಡಿ!" ಎಂದರು. ಆ ದನಿಗೆ ಉಪದೇಶ ಮಾಡುತ್ತಿದ್ದ ಹಿರಿಯನೂ ಬಾಯಿ ಮುಚ್ಚಿದ. ನಾನು ನಡುವೆ ಬಾಯಿ ಹಾಕಿದರೆ ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಆಯಿಯನ್ನು ಎಬ್ಬಿಸಿಕೊಂಡು ಕೆಳಗೆ ಬಂದೆ.

ಗೇಟಿನ ಬಳಿ ಚಹದ ಬಂಡಿಯ ಪಕ್ಕದ ಕಟ್ಟೆಯ ಮೇಲೆ ಕೂರಿಸಿ ವಿಷಯ ಬಿಡಿಸಿ ಹೇಳಿದೆ. ಆಯಿ ಮೊದಲು ನಂಬಲಿಲ್ಲ. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಯವ್ವಾ! ಸಾವು ಬದುಕಿನ ನಡುವ ಇರೋ ಕೂಸಿನ ತಾಯಿ ಮುಂದ ಹೊಡದಿ ಹೊಡದಿ ಅಂತ ಕುಣದೆನೇನ ನಾನು? ನನ್ನ ನಾಲಿಗಿಗೆ ಬೆಂಕಿ ಹಾಕ!"

"ನಿನ್ನ ತಪ್ಪೇನೈತಿ ಆಯಿ? ಆಕಿಗರ ಒಂದೀಟು ತಾಳ್ಮಿ ಬ್ಯಾಡೇನು? ಇಷ್ಟು ವರ್ಷ ನಿನ್ನ ಕೈ ರೊಟ್ಟಿ ತಿಂದಾಕಿ, ನಾಯಿ ಓಡಿಸಿದಂಗ ಓಡಿಸಿದಳಲ್ಲ! ನಡಿ ಮನಿಗೆ. ಇಂಥಾಕಿಗೆ ಏನು ಪ್ರಾರ್ಥನಿ?"

ಆಯಿ ಅಲುಗಲಿಲ್ಲ. ಸೆರಗು ಹಣೆಗೆಳೆದು ಕಣ್ಣು ಮುಚ್ಚಿದಳು. ನಾನು ಕಾಲು ಬದಲಿಸುತ್ತ ನಿಂತೆ. ಚಹದವನು ಎರಡು ಸಲ ಬಂದು ಕೇಳಿ ಹೋದ. ಅವತ್ತು ಕೈಯಲ್ಲಿ ರೊಟ್ಟಿಯಿದ್ದಿದ್ದರೆ ಕರಕಲೇ ಆಗುತ್ತಿತ್ತು. ಕಡೆಗೆ ಆಕೆಯ ಬಾಯಿಂದ ಮಾತು ಬಂತು, ಕನ್ನಡದಲ್ಲಿ, ಮೆಲ್ಲಗೆ.

"ತಂದೀ, ಮಗನ ಮ್ಯಾಲೆ ಕೈ ಎತ್ತಿದಾಂವ ನೀನ ಅಂದ್ರೂ ಬಿಡಂಗಿಲ್ಲ ಈಕಿ. ನಿನ್ನ ಮ್ಯಾಲೂ ಏರಿ ಬರ್ತಾಳ. ಇಂಥಾ ತಾಯಿನ್ನ ಆ ಹುಡುಗಗ ಕೊಟ್ಟಿಯಲ್ಲ, ಅದಕ್ಕ ಸ್ತೋತ್ರ."

ಬೈದು ಓಡಿಸಿದ ಆ ಸಿಟ್ಟನ್ನೇ ಎತ್ತಿ ದೇವರಿಗೆ ಸ್ತೋತ್ರ ಮಾಡಿದಳಲ್ಲ ಮುದುಕಿ! ಇದನ್ನು ಹೇಳದೆ ಇದ್ದರೆ ನಾನು ಮನುಷ್ಯಳೇ ಅಲ್ಲ ಅನ್ನಿಸಿತು. ಮೆಟ್ಟಿಲು ಹತ್ತಿ ಹೋದೆ. ಟೀಚರಮ್ಮ ನನ್ನನ್ನು ಕಂಡು ಮುಖ ತಿರುಗಿಸಿದರು. ಬಿಡಲಿಲ್ಲ ನಾನು. ಕನ್ನಡದ 'ಕೊಟ್ಟ' ಎಂದರೆ ತೆಲುಗಿನ 'ಇಚ್ಚಾಡು' ಎಂದು ಹೇಳಿದೆ. ಕೆಳಗೆ ಆಯಿ ಈಗತಾನೇ ಮಾಡಿದ ಸ್ತೋತ್ರವನ್ನು ನನಗೆ ಬಂದ ತೆಲುಗಿನಲ್ಲಿ ಮಾತುಮಾತಿಗೆ ಹೇಳಿದೆ. ಅವರು ಕೇಳುತ್ತ ಕೇಳುತ್ತ ಬಾಯಿಗೆ ಸೆರಗು ಒತ್ತಿಕೊಂಡರು. ಅಪಘಾತವಾದಾಗಿನಿಂದ ಅಲ್ಲಿಯವರೆಗೆ ಅವರು ಅತ್ತಿರಲಿಲ್ಲವಂತೆ. ಅವತ್ತು ಅತ್ತರು.

ಆಮೇಲೆ ತಾವೇ ಕೆಳಗೆ ಬಂದರು. ಕಟ್ಟೆಯ ಮೇಲೆ ಆಯಿಗೆ ಒತ್ತಿಕೊಂಡು ಕೂತು, "ಮೀ ಭಾಷಲೋನೇ ಚೇಯಂಡಿ, ಆಯೀ," ಎಂದರು. ನಿಮ್ಮ ಭಾಷೆಯಲ್ಲೇ ಮಾಡಿ.

ಆಯಿ ಕನ್ನಡದಲ್ಲಿ ಪ್ರಾರ್ಥಿಸಿದಳು. ಟೀಚರಮ್ಮನಿಗೆ ಎಷ್ಟು ತಿಳಿಯಿತೋ ಏನೋ. ಆಟೋಗಳ ಹಾರ್ನು, ಚಹದವನ ಕೂಗು ಎಲ್ಲದರ ನಡುವೆ ಕೊನೆಗೆ ಇಬ್ಬರೂ ಕೂಡಿ ಆಮೆನ್ ಎಂದರು.

ಹುಡುಗ ಉಳಿದ. ಪೂರ್ತಿ ಮೊದಲಿನಂತಾದ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಡಗಾಲು ಎಳೆಯುತ್ತದೆ, ಮಾತು ತಡವರಿಸುತ್ತದೆ, ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ನಾವು ಕಾಯಬೇಕು. ಅವನಿಗೆ ಮಾತು ಮರಳಿ ಬರುವವರೆಗೆ ಆಯಿ ದಿನಾ ಸಂಜೆ ಹೋಗಿ ಮುಂದೆ ಕೂತು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಟೀಚರಮ್ಮ ಬೆಳಗಿನ ತೆಲುಗು ಆರಾಧನೆ ಮುಗಿಸಿ ಮನೆಗೆ ಹೋಗದೆ ನಮ್ಮ ಸಭೆಗೂ ಕೂರತೊಡಗಿದರು. ಪಾಸ್ಟರ ಉದ್ದ ಪ್ರಸಂಗಕ್ಕೆ ಆಯಿಯ ಹೆಗಲ ಮೇಲೆ ತೂಕಡಿಸುತ್ತಲೇ ಒಂದಷ್ಟು ಕನ್ನಡ ಕಲಿತರು. ಇಬ್ಬರಿಗೂ ಆ ದಿನದ ಮಾತು ನಗೆಯ ಮಾತಾಗಿತ್ತು. "ಆಯೀ, ಒಕ್ಕಸಾರಿ ತೆಲುಗುಲೋ ಚೇಯಂಡಿ," ಒಂದು ಸಲ ತೆಲುಗಿನಲ್ಲಿ ಮಾಡಿ, ಎಂದು ಟೀಚರಮ್ಮ ಕಾಡಿಸಿದರೆ, "ಬ್ಯಾಡವ್ವ ತಾಯಿ, ಆ ಭಾಷಾ ನಿಮಗ ಬಿಟ್ಟುಕೊಟ್ಟೀನಿ, ನೀವ ಇಟ್ಟುಕೊಳ್ರಿ!" ಎಂದು ಆಯಿ ಕೈ ಮುಗಿಯುತ್ತಿದ್ದಳು.

ಹೋದ ಮಳೆಗಾಲದಲ್ಲಿ ಆಯಿಗೆ ಜ್ವರ ಬಂತು. ಎದೆಗೆ ಇಳಿಯಿತು. ಟೀಚರಮ್ಮ ತಗಡಿನ ಕೋಣೆಯಿಂದ ಆಕೆಯನ್ನು ತಮ್ಮ ಮನೆಗೇ ಕರೆತಂದು ಮಗನ ಮಂಚದ ಮೇಲೆ ಮಲಗಿಸಿಕೊಂಡರು. ಹಿಟ್ಟು ಕಲಸುವ ಶಕ್ತಿಯಿಲ್ಲದ ಕೈಗಳು ಹೊದಿಕೆಯ ಮೇಲೆ ಸುಮ್ಮನೆ ತಟ್ಟುತ್ತಿದ್ದವು. ನಾನು ಪಕ್ಕ ಕೂತು ಕಿವಿಗೊಟ್ಟರೆ ಪಾಸ್ಟರು, ಮೂಲೆಮನೆಯ ಮುದುಕ, ನಾನು, ಆಸ್ಪತ್ರೆಯ ಆ ಉಪದೇಶಿ ಹಿರಿಯ, ಎಲ್ಲರೂ ಸಾಲಾಗಿ ಬಂದು ಹೋಗುತ್ತಿದ್ದರು. ಆ ಹಿರಿಯನಲ್ಲಿ ಏನು ಕಂಡಳೋ ನನಗೆ ಕೇಳಿಸಲಿಲ್ಲ. ಒಂದು ಬೆಳಿಗ್ಗೆ ಟೀಚರಮ್ಮ ಗಂಜಿ ತಂದು ಎಬ್ಬಿಸಿದಾಗ ಆಯಿ ಏಳಲಿಲ್ಲ.

ಆಕೆ ಹೋದ ಮೇಲೆ ನನಗೊಂದು ದೊಡ್ಡ ತೊಂದರೆಯಾಗಿದೆ. ಯಾರನ್ನಾದರೂ ಮನಸಾರೆ ಬೈಯೋಣವೆಂದರೆ ಆಗುತ್ತಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವರಲ್ಲಿ ಸ್ತೋತ್ರಕ್ಕೆ ಏನಾದರೂ ಇದೆಯೇ ಎಂದು ಮನಸ್ಸು ಹುಡುಕಲು ಹೊರಡುತ್ತದೆ. ಅದು ಹೇಗೋ ಏನೋ, ಏನಾದರೊಂದು ಸಿಕ್ಕೇಬಿಡುತ್ತದೆ.

ಮಣ್ಣು ಮಾಡುವ ದಿನ ಎರಡೂ ಸಭೆಯವರು ಬಂದಿದ್ದರು. ಪಾಸ್ಟರು ಪ್ರಾರ್ಥನೆ ಮುಗಿಸಿ, ಯಾರಾದರೂ ಆಯಿಗಾಗಿ ಸ್ತೋತ್ರ ಸಲ್ಲಿಸುವವರಿದ್ದರೆ ಸಲ್ಲಿಸಿ ಎಂದರು. ಟೀಚರಮ್ಮ ಮುಂದೆ ಬಂದರು. ಅವರು ಕನ್ನಡದಲ್ಲೇ ಮಾಡುವವರಿದ್ದರು. 'ನೀನು ಕೊಟ್ಟೆ' ಎಂದು ಹೇಳಿದರೆ ಸರಿಯೇ ಎಂದು ದಾರಿಯಲ್ಲಿ ನನ್ನನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಹಿಡಿ ಮಣ್ಣು ತೆಗೆದುಕೊಂಡು ಕುಣಿಯ ಅಂಚಿಗೆ ನಿಂತರು.

"ತಂದೇ," ಎಂದರು. ಮಾತು ಮುಂದೆ ಹೋಗಲಿಲ್ಲ. "ತಂದೇ... ಆಯಿನ ನಮಗ..." ಮತ್ತೆ ನಿಂತರು. ಕಲಿತದ್ದು ಮರೆತುಹೋಯಿತೋ, ಬೇಕೆಂದೇ ಬಿಟ್ಟರೋ, ನಾನು ಇವತ್ತಿಗೂ ಕೇಳಿಲ್ಲ.

"ಕೊಟ್ಟಾವು," ಎಂದರು.

ತೆಲುಗಿನವರು ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು. ಟೀಚರಮ್ಮ ಅಳುತ್ತ ಮತ್ತೊಮ್ಮೆ, ಜೋರಾಗಿ, ಆಕಾಶಕ್ಕೆ ಮುಖವೆತ್ತಿ, "ಕೊಟ್ಟಾವು ತಂಡ್ರೀ!" ಎಂದರು. ಮುಂದಿನ ಮಾತು ಅವರ ಬಾಯಿಂದ ಬರಲಿಲ್ಲ. ಪಕ್ಕದಲ್ಲಿ ಕೋಲೂರಿ ನಿಂತಿದ್ದ ಮಗ ತಾಯಿಯ ಭುಜ ಹಿಡಿದ. ಅವನ ದವಡೆ ಒಂದೆರಡು ಸಲ ಅಲುಗಿತು. ನಾವೆಲ್ಲ ಕಾದೆವು.

"ಸ್ತೋ... ತ್ರಂ," ಎಂದ.