ಸಂಶಯದ ಲಾಭ ಯಾರಿಗೆ?

ನಮ್ಮ ಮನೆಯಲ್ಲಿ ಕೆಲವು ವಾರಗಳಿಂದ ಬಂಗುಡೆ ಸಾರಿನ ಉಪ್ಪಿನ ಬಗ್ಗೆ ತೀರ್ಪು ಸಿಗುತ್ತಿಲ್ಲ. ಸಾರು ಕುದಿಯುವಾಗ ಸೌಟಿನಿಂದ ಎರಡು ಹನಿಯನ್ನು ಎಡ ಅಂಗೈಗೆ ಬಿಟ್ಟುಕೊಂಡು, ನೆಕ್ಕಿ, ಕಣ್ಣು ಮುಚ್ಚಿ, "ಚೂರು ಕಡಿಮೆ" ಎಂದೋ "ಇನ್ನು ಮುಟ್ಟಬೇಡ, ಸರಿ ಉಂಟು" ಎಂದೋ ಹೇಳುವುದು ಮದುವೆಯಾದ ದಿನದಿಂದ ನನ್ನ ಗಂಡ ಆಲ್ವಿನ್ ಅವರ ಏಕಮಾತ್ರ ಅಧಿಕಾರ. ಸೀಬ್‌ನ ಮೀನು ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ನೋಡಿ ಇದು ಇವತ್ತಿನದು, ಇದು ನಿನ್ನೆಯದು ಎಂದು ಹೇಳುವುದೂ ಅವರೇ. ಅಂಥ ಮನುಷ್ಯ ಈಗ ಅಂಗೈ ನೆಕ್ಕಿ, ಸ್ವಲ್ಪ ಹೊತ್ತು ಗೋಡೆ ನೋಡಿ, "ನಂಗೆ ಗೊತ್ತಾಗುದಿಲ್ಲ, ನೀನೇ ನೋಡು" ಎನ್ನುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಇವರು ಆ ಜಾತಿಯವರಲ್ಲ. ಇವರನ್ನು ಹೀಗೆ ಮಾಡಿದ್ದು ಆಸ್ಟ್ರೇಲಿಯಾದವರ ಫುಟ್ಬಾಲ್ ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ, ಆದರೆ ಪೂರ್ತಿ ಕೇಳಿ ನಗಿ.

ನಾವು ಮಸ್ಕತ್ತಿನ ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರುಕಟ್ಟೆಯ ಗದ್ದಲ ಕೇಳಿಯೂ ಕೇಳದಷ್ಟು ದೂರದ ಒಂದು ಫ್ಲ್ಯಾಟಿನಲ್ಲಿ ಇರುವವರು. ನಾನು ಹತ್ತಿರದ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನ್ನಿನಲ್ಲಿ ಕೂರುತ್ತೇನೆ. ಆಲ್ವಿನ್ ಸರಕು ಸಾಗಣೆಯ ಕಂಪನಿಯೊಂದರ ಆಫೀಸಿನಲ್ಲಿದ್ದಾರೆ. ಅವರ ಮ್ಯಾನೇಜರ್ ಗ್ರೆಗ್ ಎಂಬ ಆಸ್ಟ್ರೇಲಿಯಾದವರು, ಎತ್ತರದ ಕೆಂಪು ಮೋರೆಯ ಮನುಷ್ಯ. ಒಳ್ಳೆಯವರೇ; ಕ್ರಿಸ್ಮಸ್ಸಿಗೆ ನಾನು ಕಳಿಸುವ ಕುಸ್ವಾರಿನ ಸಿಹಿತಿಂಡಿ ಡಬ್ಬಿಯಿಂದ ನೆವ್ರಿಯನ್ನೆಲ್ಲ ಒಬ್ಬರೇ ತಿಂದು ಮುಗಿಸುವಷ್ಟು ಒಳ್ಳೆಯವರು. ಚಳಿಗಾಲ ಬಂತೆಂದರೆ ಅವರಿಗೆ ತಮ್ಮೂರಿನ ಆಟದ ಹುಚ್ಚು ಹತ್ತುತ್ತದೆ. ಇಲ್ಲಿರುವ ಆಸ್ಟ್ರೇಲಿಯಾದವರು ಸೇರಿ ಕಟ್ಟಿದ ತಂಡಕ್ಕೆ ಅವರೇ ನಾಯಕ.

ಆ ಆಟವನ್ನು ಅವರು ಪ್ರೀತಿಯಿಂದ ಫೂಟಿ ಎನ್ನುತ್ತಾರೆ. ಚೆಂಡು ಉರುಟಾಗಿಲ್ಲ, ಉದ್ದಕ್ಕಿದೆ. ಕಾಲಿನಲ್ಲಿ ಒದೆಯಬಹುದು, ಮುಷ್ಟಿಯಲ್ಲಿ ಗುದ್ದಬಹುದು, ಒಬ್ಬರ ಬೆನ್ನ ಮೇಲೆ ಮಂಡಿಯೂರಿ ಹಾರಿ ಹಿಡಿದರೂ ತಪ್ಪಿಲ್ಲ, ಆದರೆ ಬೆನ್ನಿಗೆ ಕೈ ಕೊಟ್ಟು ತಳ್ಳಿದರೆ ಮಹಾಪರಾಧ. ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ: ನಡುವಿನ ಎರಡು ಎತ್ತರ, ಬದಿಯ ಎರಡು ಗಿಡ್ಡ. ಎತ್ತರದ ಕಂಬಗಳ ನಡುವೆ ಒದ್ದರೆ ಗೋಲು, ಆರು ಅಂಕ. ಗಿಡ್ಡ ಕಂಬದ ಕಡೆ ಸರಿದರೆ ಒಂದೇ ಅಂಕ. ಗೆರೆ ದಾಟುವ ಮೊದಲು ಎದುರಾಳಿಯ ಬೆರಳು ಸೋಕಿದರೂ, ಎತ್ತರದ ಕಂಬಕ್ಕೆ ತಾಗಿದರೂ ಒಂದೇ. ಇದನ್ನೆಲ್ಲ ನೋಡಿ ಹೇಳಲು ಕಂಬಗಳ ಬುಡದಲ್ಲಿ ಬಾವುಟ ಹಿಡಿದು ಒಬ್ಬ ಅಂಪೈರ್ ನಿಂತಿರಬೇಕು. ಗೋಲಾದರೆ ಎರಡು ಬೆರಳು ತೋರಿಸಿ ಎರಡು ಬಾವುಟ ಬೀಸುವುದು, ಒಂದಾದರೆ ಒಂದು. ಕೇಳಲಿಕ್ಕೆ ಸುಲಭ.

ಆದರೆ ಆ ಜಾಗದಲ್ಲಿ ನಿಲ್ಲಲು ಯಾರೂ ಸಿಗುವುದಿಲ್ಲ. ದುಡಿಮೆಗೆ ಬಂದ ಊರಿನಲ್ಲಿ ಎಲ್ಲರಿಗೂ ಆಡಬೇಕು. ಆಡಲಾಗದವರಿಗೆ ಒಬ್ಬರ ಮೇಲೆ ಅಭಿಮಾನ, ಇನ್ನೊಬ್ಬರ ಮೇಲೆ ಅಸೂಯೆ. ಹಾಗಾಗಿ ಗ್ರೆಗ್ ಒಂದು ದಿನ ಆಲ್ವಿನ್ ಅವರ ಮೇಜಿನ ಬಳಿ ಬಂದು, ನೀನು ನ್ಯೂಟ್ರಲ್, ಶುಕ್ರವಾರ ಬಂದು ನಿಲ್ಲಬೇಕು ಎಂದರಂತೆ. ಇವರಿಗೆ ಹೆಮ್ಮೆಯಾಯಿತು. ಆಗಬೇಕಾದದ್ದೇ. ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಶುಕ್ರವಾರ ಬೆಳಿಗ್ಗೆ ನಮ್ಮೂರ ಕಡೆಯಿಂದ ಬಂದವರ ಟೆನ್ನಿಸ್ ಬಾಲ್ ಕ್ರಿಕೆಟ್ ನಡೆಯುತ್ತದೆ. ಅಂಥ ಆಟದಲ್ಲಿ ಅಂಪೈರ್ ಬ್ಯಾಟಿಂಗ್ ಮಾಡುವವರ ಕಡೆಯಿಂದಲೇ ಬರುವುದು ನಿಮಗೂ ಗೊತ್ತಿರಬಹುದು: ಒಂದೋ ಔಟಾಗಿ ಬಂದವನ ಸಿಟ್ಟು, ಇಲ್ಲವೇ ಇನ್ನೂ ಆಡದವನ ಆಸೆ, ಎರಡರಲ್ಲೊಂದು ಕೋಟು ಹಾಕಿಕೊಂಡು ನಿಂತಿರುತ್ತದೆ. ಅಲ್ಲಿ ಎರಡೂ ಕಡೆಯವರು ಒಪ್ಪಿ, ಆಡುವುದನ್ನು ಬಿಡಿಸಿ, ಶಾಶ್ವತವಾಗಿ ಅಂಪೈರ್ ಮಾಡಿಟ್ಟುಕೊಂಡದ್ದು ಆಲ್ವಿನ್ ಅವರನ್ನು ಮಾತ್ರ.

ಫೂಟಿಯ ಅಂಪೈರಿಂಗಿಗೆ ಅವರಿಗೆ ಸಿಕ್ಕ ತರಬೇತಿ ಎಷ್ಟು ಗೊತ್ತೇ? ಕಾರು ನಿಲ್ಲಿಸಿದ ಜಾಗದಿಂದ ಕಂಬದ ತನಕ ನಡೆದು ಹೋಗುವಷ್ಟು. ಆ ದಾರಿಯಲ್ಲಿ ಗ್ರೆಗ್ ಷೂಸಿನ ಲೇಸು ಕಟ್ಟಿಕೊಳ್ಳುತ್ತ, ಯಾರಿಗೋ ಕೈ ಬೀಸುತ್ತ, ಎರಡು ಬೆರಳು ಯಾವಾಗ, ಒಂದು ಬೆರಳು ಯಾವಾಗ ಎಂದು ಹೇಳಿ ಬಾವುಟ ಕೈಗಿಟ್ಟು ಓಡಿದರು. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಏನು ಮಾಡಬೇಕು ಎಂಬ ಒಂದು ಮಾತನ್ನು ಹೇಳಲಿಲ್ಲ. ನನ್ನ ಸಿಟ್ಟೆಲ್ಲ ಇರುವುದು ಆ ಹೇಳದ ಮಾತಿನ ಮೇಲೆ.

ಮೊದಲ ಕೆಲವು ಶುಕ್ರವಾರ ಚೆನ್ನಾಗಿಯೇ ಹೋಯಿತು. ಬುರೈಮಿಯ ಗಡಿ ದಾಟಿ ಪಕ್ಕದ ದೇಶದ ತಂಡವೊಂದು ಆಡಲು ಬಂದ ದಿನ ನನಗೆ ಡ್ಯೂಟಿ ಇತ್ತು. ಮಗಳು ಶೆರಿಲ್ ಅಪ್ಪನ ಜೊತೆ ಹೋಗಿದ್ದಳು. ಅವಳು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಅಳುವಿನಲ್ಲಿ ನನಗೆ ಹೇಳಿದ್ದು ಇಷ್ಟು: ಆಟ ಮುಗಿಯುವ ಹೊತ್ತಿಗೆ ಬಂದವರ ಕಡೆಯವನೊಬ್ಬ ಗೋಲಿನತ್ತ ಒದ್ದ. ಗ್ರೆಗ್ ಅವರ ತಂಡದವನೊಬ್ಬ ಗೆರೆಯ ಮೇಲೆಯೇ ಕೈ ಚಾಚಿ ಹಾರಿದ. ಚೆಂಡು ಬೆರಳಿಗೆ ಸೋಕಿತೋ ಇಲ್ಲವೋ, ಇಳಿಬಿಸಿಲು ನೇರ ಕಣ್ಣಿಗೆ. ನಡುವಿನ ಅಂಪೈರ್ ದೂರದಲ್ಲಿದ್ದ. ತೀರ್ಪು ನಿನ್ನದೇ ಎಂದು ಕೈ ಮಾಡಿದ. ಆಲ್ವಿನ್ ಒಂದು ಕ್ಷಣ ನಿಂತು ಎರಡು ಬೆರಳು ತೋರಿಸಿದರು, ಎರಡು ಬಾವುಟ ಬೀಸಿದರು. ಒಂದಾಗಬೇಕಿದ್ದದ್ದು ಆರಾಯಿತು, ಆ ಅಂತರದಲ್ಲೇ ಪಂದ್ಯ ಬಂದವರ ಪಾಲಾಯಿತು.

ಗ್ರೆಗ್ ಮೈದಾನದ ನಡುವಿನಿಂದ ಓಡಿ ಬಂದು, ತನ್ನ ಕೆಂಪು ಮೋರೆಯನ್ನು ಇವರ ಮೋರೆಗೆ ತಾಗುವಷ್ಟು ಹತ್ತಿರ ತಂದು, ಕುರುಡನೇ ನೀನು ಎಂದು ಶುರುಮಾಡಿ ಬಾಯಿಗೆ ಬಂದಂತೆ ಬೈದರಂತೆ. ಉಳಿದ ಮಾತುಗಳನ್ನು ಶೆರಿಲ್ ನನಗೆ ಹೇಳಲಿಲ್ಲ. ಮೈದಾನದ ಸುತ್ತ ಕಟ್ಟಿದ ಹಗ್ಗದ ಆಚೆ ನಿಂತವರು ನಕ್ಕರು. ಗೆದ್ದವರು ಸಹ ಒಂದು ಮಾತು ಆಡಲಿಲ್ಲ. ಅವರಿಗೇನು, ಅಂಕ ಸಿಕ್ಕಿತ್ತು. "ನೋಬಡಿ ಸೆಡ್ ಎನಿಥಿಂಗ್, ಮಮ್ಮಾ" ಎಂದಳು ಮಗಳು. ಯಾರೂ ಏನೂ ಹೇಳಲಿಲ್ಲ.

ಆ ಸಂಜೆ ಶೆರಿಲ್ ಮೊಬೈಲಿನಲ್ಲಿ ಆಟದ ನಿಯಮ ಹುಡುಕಿ ಓದಿ, ಮೆಲ್ಲನೆ ಅಪ್ಪನ ಪಕ್ಕ ಕೂತಳು. "ಡ್ಯಾಡಾ, ಡೌಟ್ ಇದ್ರೆ ಕಡಿಮೆ ಸ್ಕೋರ್ ಕೊಡ್ಬೇಕಂತೆ. ಒಂದೇ."

ಆಲ್ವಿನ್ ಮೊಬೈಲು ತೆಗೆದುಕೊಂಡು ಆ ಸಾಲನ್ನು ತಾವೇ ಓದಿದರು. ಆಮೇಲೆ, "ಹೌದಾ? ನಂಗೆ ಡೌಟೇ ಇದ್ದದ್ದು. ನಮ್ಮಲ್ಲಿ ಡೌಟ್ ಬ್ಯಾಟ್ಸ್‌ಮನ್ನಿಗೆ ಅಲ್ವಾ? ರನ್ ಮಾಡ್ಲಿಕ್ಕೆ ಹೊರಟವನಿಗೆ ಕೊಡುದಲ್ವಾ ನಾವು?" ಎಂದರು.

ನೋಡಿದಿರಾ? ತಪ್ಪು ತಪ್ಪೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅದು ಕುರುಡನ ತಪ್ಪಲ್ಲ, ಕಳ್ಳನ ತಪ್ಪೂ ಅಲ್ಲ. ಸಂಶಯದ ಲಾಭ ಬ್ಯಾಟು ಹಿಡಿದವನಿಗೆ ಎಂದು ಚಡ್ಡಿ ಹಾಕುವ ವಯಸ್ಸಿನಿಂದ ನಂಬಿ ಬೆಳೆದವನು ಇನ್ನೊಂದು ದೇಶದ ಆಟದಲ್ಲೂ ಅದೇ ಧರ್ಮವನ್ನು ಪಾಲಿಸಿದ, ಅದೂ ತನ್ನ ಮ್ಯಾನೇಜರನ ತಂಡ ಸೋಲುತ್ತದೆ ಎಂದು ಗೊತ್ತಿದ್ದೂ. ಇಷ್ಟು ನಿಯತ್ತಿನ ತಪ್ಪನ್ನು ನಾನು ಈ ಊರಿನಲ್ಲಿ ಬೇರೆಲ್ಲೂ ಕಂಡಿಲ್ಲ.

ಮರುದಿನ ತಂಡದ ವಾಟ್ಸಾಪ್ ಗುಂಪಿನಲ್ಲಿ ಗ್ರೆಗ್ ಬರೆದರು: ಅಂಪೈರಿಂಗಿನ ಗುಣಮಟ್ಟ ಸುಧಾರಿಸಲೇಬೇಕು. ಕೆಳಗೆ ಎಲ್ಲರೂ ಹೆಬ್ಬೆರಳು ಎತ್ತಿದ್ದೇ ಎತ್ತಿದ್ದು. ಓದಿ ನನಗೆ ಮೈಯೆಲ್ಲ ಉರಿಯಿತು. ಸುಧಾರಿಸಬೇಕು ಸ್ವಾಮಿ, ಸುಧಾರಿಸುವವರು ಯಾರು? ಗುಣಮಟ್ಟದ ಅಂಪೈರುಗಳು ರೂವಿಯ ಅಂಗಡಿಗಳಲ್ಲಿ ಚೀಲದಲ್ಲಿ ತುಂಬಿಟ್ಟು ಸಿಗುತ್ತಾರೆಯೇ? ನೀವು ವಾರದಲ್ಲಿ ಮೂರು ಸಂಜೆ ಒದೆಯುವುದನ್ನು ಅಭ್ಯಾಸ ಮಾಡುತ್ತೀರಿ, ಹಿಡಿಯುವುದನ್ನು ಅಭ್ಯಾಸ ಮಾಡುತ್ತೀರಿ, ಗೆದ್ದ ಮೇಲೆ ಹಾಡುವ ಹಾಡನ್ನೂ ಅಭ್ಯಾಸ ಮಾಡುತ್ತೀರಿ. ನೋಡಿ ಹೇಳುವ ಕೆಲಸವೊಂದು ಮಾತ್ರ ಹುಟ್ಟಿನಿಂದಲೇ ಬರಬೇಕೇ? ಅವರ ದೇಶದ ದೊಡ್ಡ ಪಂದ್ಯಗಳನ್ನು ನಾನೂ ಟಿವಿಯಲ್ಲಿ ನೋಡಿದ್ದೇನೆ. ಅಲ್ಲಿ ಕಲಿತ ಅಂಪೈರುಗಳಿದ್ದಾರೆ, ಮೂಲೆಮೂಲೆಗೆ ಕ್ಯಾಮೆರಾ ಇದೆ, ಆದರೂ ಸಾವಿರಾರು ಜನ ಒಂದೇ ಗಂಟಲಿನಲ್ಲಿ ಅವರನ್ನು ಅಣಕಿಸುತ್ತಾರೆ. ದಿನವೂ ಬೈಸಿಕೊಳ್ಳುವ ಕೆಲಸಕ್ಕೆ ಒಳ್ಳೆಯವರು ಬರುವುದಿಲ್ಲ ಎಂದು ತಿಳಿಯಲು ಯಾವ ಸಮಿತಿ ಬೇಕು?

ಕ್ಲಿನಿಕ್ಕಿನಲ್ಲಿ ಯಾರನ್ನು ಮೊದಲು ಒಳಗೆ ಬಿಡಬೇಕೆಂದು ದಿನವೂ ತೀರ್ಮಾನಿಸುವವಳು ನಾನು. ಜ್ವರದ ಮಗು, ಎದೆನೋವಿನ ಅಜ್ಜ, ನಿನ್ನೆಯೇ ಫೋನ್ ಮಾಡಿದ್ದೆ ಎನ್ನುವ ಹೆಂಗಸು, ಎಲ್ಲರ ಕಣ್ಣೂ ನನ್ನ ಮೇಲೆ. ನನ್ನಿಂದಲೂ ತಪ್ಪಾಗುತ್ತದೆ. ಆದರೆ ಯಾರಾದರೂ ದನಿಯೆತ್ತಿದರೆ ಒಳಗಿನಿಂದ ಡಾಕ್ಟರಮ್ಮ ಬಂದು, ಅವರು ಹೇಳಿದ ಹಾಗೆ ಕೂತುಕೊಳ್ಳಿ ಎನ್ನುತ್ತಾರೆ. ಆ ಒಂದು ಮಾತಿನ ಬಲದ ಮೇಲೆ ನಾನು ಮರುದಿನವೂ ಆ ಕುರ್ಚಿಯಲ್ಲಿ ಕೂರುತ್ತೇನೆ. ಆಲ್ವಿನ್ ಅವರನ್ನು ನ್ಯೂಟ್ರಲ್ ಎಂದು ಕರೆದೊಯ್ದರಲ್ಲ, ಅದರ ಅರ್ಥ ನನಗೆ ಆಮೇಲೆ ಹೊಳೆಯಿತು: ಯಾರ ಪಕ್ಷದವನೂ ಅಲ್ಲದವನನ್ನು ಬೈದರೆ ಕೇಳುವವರು ಇರುವುದಿಲ್ಲ.

ಅಂದಿನಿಂದ ಅವರು ಸಾರಿನ ಉಪ್ಪನ್ನೂ ಹೇಳಲಿಲ್ಲ, ಕ್ರಿಕೆಟ್ಟಿಗೂ ಹೋಗಲಿಲ್ಲ. ಕೆಳಗಿನ ಕೆಫೆಟೇರಿಯಾದ ಹಮೀದಾಕ, ಉಪ್ಪಿನಂಗಡಿ ಕಡೆಯವರು, ನಮ್ಮ ಶುಕ್ರವಾರದ ಆಟದ ಯಜಮಾನರು, ನನ್ನನ್ನು ತಡೆದು ಕೇಳಿದರು. "ಅಲ್ಲ ಬಾಯಮ್ಮ, ನಮ್ಮ ಪೊರ್ಬುಗಳಿಗೆ ಎಂತ ಆಗಿದೆ? ಕರೆದ್ರೂ ಬರುದಿಲ್ಲ. ಅವ್ರು ಇಲ್ದೆ ನಮ್ಮಲ್ಲಿ ಆಟಕ್ಕಿಂತ ಜಗಳವೇ ಜಾಸ್ತಿ."

ಊರ ಕಡೆ ನಮ್ಮ ಕ್ರೈಸ್ತ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ; ಅವರು ಕೇಳಿದ್ದು ಆಲ್ವಿನ್ ಬಗ್ಗೆ. ನಾನು ನಡೆದದ್ದನ್ನು ಹೇಳಿದೆ. ಹಮೀದಾಕ ಚಾದ ಲೋಟ ಕೆಳಗಿಟ್ಟರು. "ಎಂತ ಮಾರಾಯ್ರೆ! ನನ್ನ ಅಂಗಡಿಗೆ ಹೊಸಬ ಬಂದ್ರೆ ಚಾ ಮಾಡ್ಲಿಕ್ಕೆ ವಾರಗಟ್ಲೆ ಕಲಿಸ್ತೇನೆ. ಕಲಿಸದೆ ನಿಲ್ಸಿ ಮತ್ತೆ ಬೈಯುದಾ? ಅವ್ರಿಗೆ ಹೇಳಿ, ನಮ್ಮಲ್ಲಿ ಔಟ್ ಕೊಟ್ಟು ನನ್ನನ್ನೇ ಕಳಿಸಿದ್ರೂ ನಾನು ಒಂದು ಮಾತು ಹೇಳುದಿಲ್ಲ ಅಂತ."

ಹೇಳಿದೆ. ಆಲ್ವಿನ್ ಸ್ವಲ್ಪ ನಕ್ಕರು, ಅಷ್ಟೇ.

ಮೊನ್ನೆ ಗ್ರೆಗ್ ಮತ್ತೆ ಅವರ ಮೇಜಿನ ಬಳಿ ಬಂದರಂತೆ. ಕ್ಷಮೆ ಕೇಳಲಿಲ್ಲ, ಅಂದು ಆಟದ ಬಿಸಿಯಲ್ಲಿ ಏನೋ ಹೇಳಿದೆ, ಮುಂದಿನ ಪಂದ್ಯಕ್ಕೆ ಜನ ಇಲ್ಲ, ಬಾ ಎಂದರು. ಹೋಗಬಾರದೆಂದು ನಾನು ಖಡಾಖಂಡಿತವಾಗಿ ಹೇಳುವವಳಿದ್ದೆ. ಆದರೆ ಆಲ್ವಿನ್ ಆಗಲೇ ಉತ್ತರ ಕೊಟ್ಟು ಬಂದಿದ್ದರು. "ನಾನು ಹೇಳಿದೆ, ಮಿಸ್ಟರ್ ಗ್ರೆಗ್, ಮೊದಲು ನಂಗೆ ಪೂರ್ತಿ ಕಲಿಸಿ. ಮತ್ತೆ ಅಭ್ಯಾಸದ ಆಟದಲ್ಲಿ ನೀವು ಒಂದು ಕ್ವಾರ್ಟರ್, ಕಾಲು ಭಾಗ ಆಟ, ಬಾವುಟ ಹಿಡಿದು ನಿಲ್ಲಿ. ನೀವು ನಿಂತ್ರೆ ನಾನೂ ನಿಲ್ತೇನೆ."

ಮಂಗಳವಾರ ಸಂಜೆ ನಾನೂ ಹೋದೆ, ಇದನ್ನು ನೋಡದೆ ಬಿಡುವುದುಂಟೇ? ಗ್ರೆಗ್ ಅವರ ಆಟಗಾರರು ಎರಡು ಪಾಲಾಗಿ ಆಡುತ್ತಿದ್ದರು. ಗ್ರೆಗ್ ಕಂಬಗಳ ಬುಡದಲ್ಲಿ, ತನ್ನ ಸರದಿಗೆ ಕಾಯುತ್ತ ಆಲ್ವಿನ್ ಹಗ್ಗದ ಈಚೆ ನನ್ನ ಪಕ್ಕದಲ್ಲಿ. ಸ್ವಲ್ಪ ಹೊತ್ತಿನಲ್ಲೇ ಚೆಂಡೊಂದು ಮೇಲಿನಿಂದ ಬಂದು ಎತ್ತರದ ಕಂಬಕ್ಕೆ ತಾಗಿಯೋ ತಾಗದೆಯೋ ಒಳಗೆ ಹೋಯಿತು. ಗ್ರೆಗ್ ಕಂಬ ನೋಡಿದರು, ಚೆಂಡು ನೋಡಿದರು, ಕೊನೆಗೆ ಹಗ್ಗದ ಕಡೆ ತಿರುಗಿ ಇವರ ಮೋರೆ ನೋಡಿದರು. ಆಲ್ವಿನ್ ಮಿಸುಕಲಿಲ್ಲ. ಗ್ರೆಗ್ ನಿಧಾನಕ್ಕೆ ಒಂದು ಬೆರಳು ತೋರಿಸಿದರು.

ಆಯಿತಲ್ಲ! ಅವರದೇ ಹುಡುಗರು, ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದವರೇ, ನಾಲ್ಕೂ ಕಡೆಯಿಂದ ಅವರ ಮೇಲೆ ಮುಗಿಬಿದ್ದರು. ಕುರುಡ ಎಂಬ ಮಾತು ಮತ್ತೆ ಕೇಳಿಸಿತು. ನನಗೆ ಖುಷಿಯಾಗಬೇಕಿತ್ತು. ಮೊದಲು ಆಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಕೈಯಲ್ಲಿ ಬಾವುಟ ಹಿಡಿದು ನಿಂತ ಆ ದೊಡ್ಡ ದೇಹ ಕುಗ್ಗಿದ್ದನ್ನು ಕಂಡಾಗ ನನ್ನ ಗಂಡ ಅಂದು ಹೇಗೆ ನಿಂತಿದ್ದಿರಬೇಕು ಎಂದು ಕಣ್ಣಿಗೆ ಕಟ್ಟಿತು, ಸಿಟ್ಟು ಮತ್ತೆ ನೆತ್ತಿಗೇರಿತು.

ಪಕ್ಕಕ್ಕೆ ತಿರುಗಿದರೆ ಆಲ್ವಿನ್ ಇಲ್ಲ. ಹಗ್ಗದಡಿ ನುಸುಳಿ, ಆ ಎತ್ತರದ ಹುಡುಗರ ನಡುವೆ ದಾರಿ ಮಾಡಿಕೊಂಡು, ಗ್ರೆಗ್ ಅವರ ಪಕ್ಕದಲ್ಲಿ ಹೋಗಿ ನಿಂತಿದ್ದರು.

"ಖಲಾಸ್," ಎಂದರು. ಕಿರುಚಲಿಲ್ಲ. "ಹತ್ತಿರ ಇದ್ದದ್ದು ಅವರು. ಅವರು ಹೇಳಿ ಆಯ್ತು. ಯಲ್ಲಾ, ಆಡಿ."

ಹುಡುಗರು ಸುಮ್ಮನಾಗಿ ಹಿಂದೆ ಸರಿದರು. ಇಷ್ಟೇ ಸಣ್ಣ ಮಾತು. ಇದನ್ನು ಅಂದು ಹೇಳುವವನೊಬ್ಬ ಅಷ್ಟು ದೊಡ್ಡ ಮೈದಾನದಲ್ಲಿ ಇರಲಿಲ್ಲ.