ಮಣ್ಣೆತ್ತಿನ ಚೌಕಾಸಿ

ಗಡಿಗೆ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ, ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡಿ. ಚೆನ್ನಾಗಿ ಬೆಂದದ್ದು ಠಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಕೆಮ್ಮುತ್ತದೆ. ಇಂಡಿ ಪಟ್ಟಣದ ಸಂತೆಯಲ್ಲಿ ಗಡಿಗೆ ಮಾರುತ್ತ ಕಲಿತ ಈ ವಿದ್ಯೆಯೇ ನನ್ನನ್ನು ತಂದು ಸಿಂದಗಿಯ ಪುಟ್ಟ ಕರಕುಶಲ ಸಂಗ್ರಹಾಲಯವೊಂದರ ಕುರ್ಚಿಯಲ್ಲಿ ಕೂರಿಸಿತು. ಕ್ಯುರೇಟರ್ ಎಂಬುದು ದೊಡ್ಡ ಹೆಸರು. ಕೆಲಸ ಮಾತ್ರ ಹಳೆಯದೇ, ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಯವರೆಗೆ ಊರೂರು ತಿರುಗಿ ಮಣ್ಣಿನ ಸಾಮಾನಿಗೆ ಚೌಕಾಸಿ ಮಾಡುವುದು.

ನಿಮಗೊಂದು ಕಿವಿಮಾತು: ಮಾರುವವರು ಒಲ್ಲೆ ಎಂದರೆ ಎದೆಗುಂದಬೇಡಿ. ನಾಳೆ ಬೇರೊಬ್ಬ ಗಿರಾಕಿ ಬರುತ್ತಾನೆಂಬ ಭರವಸೆ ಅವರಲ್ಲಿನ್ನೂ ಇದೆಯೆಂದು ತಿಳಿಯಿರಿ. ಹೂವಿನ ಹಿಪ್ಪರಗಿಯ ಕುಂಬಾರ ಗಂಗವ್ವ ವರ್ಷವರ್ಷವೂ ನನಗೆ ಒಲ್ಲೆ ಎಂದವಳು. ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿಮಣ್ಣಿನಲ್ಲಿ ಎತ್ತುಗಳನ್ನು ಮಾಡಿ, ಕುಸುಬೆ ಕಾಳಿನ ಕಣ್ಣಿಟ್ಟು, ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಕೊಟ್ಟು ಜೋಳ ಪಡೆಯುವಳು. ಪೂಜೆ ಮುಗಿದ ಮೇಲೆ ಅವು ಹಳ್ಳಕ್ಕೋ ಬಾವಿಗೋ ಸೇರಿ ಕರಗಬೇಕು. ನನಗೋ, ಒಂದು ಜೊತೆ ಕಪಾಟಿಗೆ ಬೇಕಿತ್ತು.

"ನೀರಿಗೆ ಬಿಡ್ತೀರೇನ್ರಿ ಸಾಹೇಬ್ರ?" ಎಂದು ಕೇಳುವಳು.

"ಇಲ್ಲಬೇ ಯವ್ವ, ಗಾಜಿನ ಕಪಾಟಿನ್ಯಾಗ ಇಡ್ತೇನಿ."

"ನಿಮ್ಮನ್ನ ಒಂದ್ವರ್ಷ ಕಪಾಟಿನ್ಯಾಗ ಇಟ್ರ ಇರ್ತೀರೇನು? ಒಲ್ಲೆರಿ. ಅವು ಕರಗ್ಲಿ, ಮುಂದಿನ ವರ್ಷ ಮತ್ತ ಮಾಡ್ತೇನಿ."

ಮತ್ತೆ ಮಾಡುತ್ತೇನೆ ಎಂಬ ಆ ಮಾತಿನೆದುರು ನನ್ನ ಚೌಕಾಸಿಯೆಲ್ಲ ಸೋಲುತ್ತಿತ್ತು. ಬರಿಗೈಯಲ್ಲಿ ಬಸ್ಸು ಹತ್ತುವಾಗ ಬೇಸರವಾಗುತ್ತಿತ್ತೇ ಹೊರತು ಭಯವಾಗುತ್ತಿರಲಿಲ್ಲ.

ಈ ಸಲ ಅಮಾವಾಸ್ಯೆಯ ಮಧ್ಯಾಹ್ನ ಅವಳೇ ಸಂಗ್ರಹಾಲಯಕ್ಕೆ ಬಂದಳು. ಬುಟ್ಟಿ ತುಂಬಿಯೇ ಇತ್ತು. ಅಚ್ಚಿನಲ್ಲಿ ಎರಕ ಹೊಯ್ದ, ಥಳಥಳ ಬಣ್ಣದ ಪೇಟೆಯ ಎತ್ತುಗಳು ಎಲ್ಲರ ಮನೆಗೂ ಮೊದಲೇ ಬಂದುಬಿಟ್ಟಿದ್ದವಂತೆ.

"'ಆಯಿ, ಇವು ಕರಗಾಂಗಿಲ್ಲ, ಪ್ರತಿವರ್ಷ ಇವ ನಡೀತಾವ' ಅಂದ್ರು. ನಿಮಗ ಬೇಕಿದ್ದೂವಲ್ರಿ, ತಗೋರಿ."

ನಾನು ಬೇಕೆಂದೇ ಕೆಣಕಿದೆ. "ಕಾಲು ಸೊಟ್ಟ ಅದಾವಬೇ. ಅರ್ಧಾ ರೇಟಿಗೆ ಕೊಡು."

ಹಿಂದಿನ ಗಂಗವ್ವನಾಗಿದ್ದರೆ "ನಿಮ್ಮ ಕಣ್ಣ ಸೊಟ್ಟ ಅದಾವ್ರಿ" ಎಂದು ಬುಟ್ಟಿ ಎತ್ತಿಕೊಂಡು ಹೊರಟೇಬಿಡುತ್ತಿದ್ದಳು. ಆ ಬೈಗುಳಕ್ಕಾಗಿಯೇ ಕಾದು ನಿಂತೆ.

"ನೀವು ಹೇಳಿದ್ದ ಕೊಡ್ರಿ," ಎಂದಳು.

ಅವಳೆದುರು ಮೊದಲ ಸಲ ಗೆದ್ದಿದ್ದೆ. ಯೋಚಿಸಿ ನೋಡಿ: ನನ್ನ ಕಪಾಟುಗಳಲ್ಲಿರುವ ಪ್ರತಿ ಗಡಿಗೆ, ಕುಡಿಕೆ, ಹಣತೆಯೂ ಎಲ್ಲೋ ಒಬ್ಬರು ಒಲ್ಲೆ ಎನ್ನುವುದನ್ನು ಬಿಟ್ಟ ದಿನವೇ ಇಲ್ಲಿಗೆ ಬಂದದ್ದು. ಕಲೆಯನ್ನು ಉಳಿಸುತ್ತೇನೆಂದು ಹೇಳಿಕೊಂಡು ತಿರುಗಿದ ನಾನು ಇಷ್ಟು ವರ್ಷ ಮಾಡಿದ್ದು, ಉಸಿರು ನಿಂತ ಮನೆಗಳ ಬಾಗಿಲು ಹುಡುಕುವುದನ್ನು.

ಗಂಗವ್ವ ಎತ್ತುಗಳನ್ನೆಲ್ಲ ತಾನೇ ಕಪಾಟಿನೊಳಗೆ ಸಾಲಾಗಿ ನಿಲ್ಲಿಸಿದಳು, ಒಂದರ ಕೋಡು ಸವರಿದಳು, ಆಮೇಲೆ ಚಾವಣಿಯತ್ತ ನೋಡಿದಳು.

"ಇಲ್ಲಿ ಸೋರೂದಿಲ್ಲ, ಹೌದಲ್ರಿ?"

ನೋಡಲು ಬಂದವರೆದುರೆಲ್ಲ ನಾನು ಕೊಚ್ಚಿಕೊಳ್ಳುವ ಮಾತು ಅದು. ಅಂದು ಮೆಲ್ಲಗೆ ಹೇಳಿದೆ.

"ಒಂದ ಹನಿನೂ ಬೀಳೂದಿಲ್ಲಬೇ."

"ಹಂಗಾರ ಇನ್ನ ಮಾಡೂದು ಬ್ಯಾಡ," ಎಂದವಳೇ ತಲೆಯ ಮೇಲೆ ಸೆರಗೆಳೆದುಕೊಂಡು, ಖಾಲಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.